ಟವರಿನ ಕುಶಲವಾರ್ತೆ

ಹಿಂದಿನ ಕಾಲದಲ್ಲಿ ನಮ್ಮ ಹಿರಿಯರು ಬರೆಯುತ್ತಿದ್ದ ಕಾಗದಗಳಲ್ಲಿ ಮೊದಲ ಸಾಲು ಕುಶಲದ ಸಾಲೇ ಆಗಿರುತ್ತಿತ್ತು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆದ ಮೇಲೆಯೇ ಮದುವೆಯ ಮಾತು, ಮಳೆಬೆಳೆಯ ಸಂಗತಿ, ಜಮೀನಿನ ವ್ಯಾಜ್ಯ ಮೊದಲಾದವುಗಳಿಗೆ ಬರುವುದು ರೂಢಿ. ಕಾರ್ಡಿನಲ್ಲಿ ಸ್ಥಳ ಸಾಲದವರು ‘ಉ. ಕು. ಸಾಂ.’ ಎಂದಾದರೂ ಬರೆಯುತ್ತಿದ್ದರೇ ಹೊರತು ಅದನ್ನು ಬಿಡುತ್ತಿರಲಿಲ್ಲ. ಇದರಲ್ಲಿ ಒಂದು ವಿವೇಕವಿದೆ. ಹೇಳಬೇಕಾದ ವಿಷಯ ಬೇರೆ, ಹೇಳುವವನ ಕ್ಷೇಮ ಬೇರೆ. ಎರಡಕ್ಕೂ ಪ್ರತ್ಯೇಕವಾದ ಎಡೆ ಇರಬೇಕು. ಮೇಲಾಗಿ, ಬರಬೇಕಾದ ಕಾಗದ ಬಾರದೆ ಹೋದರೆ ಅದನ್ನು ಕ್ಷೇಮವೆಂದು ಯಾರೂ ಬಗೆಯುತ್ತಿರಲಿಲ್ಲ. ಮೌನವನ್ನೇ ಕೆಟ್ಟ ಸುದ್ದಿಯೆಂದು ತಿಳಿದು ಮನೆಯವರಲ್ಲೊಬ್ಬರು ಆ ಊರಿಗೆ ಹೊರಟುಬಿಡುತ್ತಿದ್ದರು.

ಇಂದು ಕಾಗದದ ಸ್ಥಾನದಲ್ಲಿ ಮೊಬೈಲ್ ಫೋನು ಬಂದಿದೆ. ೧೯೯೫ರ ಜುಲೈ ೩೧ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದುದರೊಂದಿಗೆ ನಮ್ಮ ದೇಶದಲ್ಲಿ ಆರಂಭವಾದ ಈ ಸೇವೆ ಈಗ ಹೊಲದ ಬದುವಿನವರೆಗೂ ಮುಟ್ಟಿದೆ. ಜನರ ಮಾತನ್ನು ಹೊರುವ ಟವರುಗಳು ಊರೂರಿಗೂ ನಿಂತಿವೆ. ಆದರೆ ಊರಿನವರೆಲ್ಲರ ಮಾತನ್ನು ಹೊರುವ ಆ ಟವರಿಗೇ ತೊಂದರೆ ಬಂದಾಗ ಅದು ತನ್ನ ಸಂಕಟವನ್ನು ಯಾರಿಗೆ ಹೇಳಿಕೊಳ್ಳುತ್ತದೆ? ಸಿಗ್ನಲ್ ಹೋದೊಡನೆ ‘ಕಂಪನಿಯವರಿಗೆ ಇದು ತಿಳಿದೇ ಇಲ್ಲ’ ಎಂದು ನಾವೆಲ್ಲರೂ ಅಂದುಕೊಳ್ಳುತ್ತೇವೆ. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಅದನ್ನು ನಮ್ಮ ಓದುಗ ಕುಟುಂಬಗಳಿಗೆ ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಚಿನ್ನದ ಗಣಿಯ ಗಂಟೆ

ಕಣ್ಣಿಗೆ ಕಾಣದ ಸ್ಥಳದಿಂದ ಕ್ಷೇಮಸಮಾಚಾರವನ್ನು ತರಿಸಿಕೊಳ್ಳುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕೋಲಾರ ಜಿಲ್ಲೆಯ ಚಿನ್ನದ ಗಣಿಗಳು ಈ ವಿದ್ಯೆಯ ದೊಡ್ಡ ಪಾಠಶಾಲೆಯಾಗಿದ್ದವು. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಕವಲೊಡೆಯುವ ರೈಲು ದಾರಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಈ ಸೀಮೆಯಲ್ಲೇ ಇದ್ದವು. ೧೮೮೦ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಸಂಸ್ಥೆ ಇಲ್ಲಿ ಕಾಲಿಟ್ಟ ಮೇಲೆ ಗಣಿಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗಿ, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿತು. ೧೯೦೨ರ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ೧೪೭ ಕಿಲೋಮೀಟರ್ ದೂರ ತಂತಿಯ ಮೇಲೆ ಸಾಗಿ ಬಂದುದು ಈ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಅದಾಗಿ ಮೂರು ವರ್ಷಗಳ ಅನಂತರ, ೧೯೦೫ರಲ್ಲಿ.

ಅಂಥ ಆಳಕ್ಕೆ ಕೆಲಸಗಾರರನ್ನು ಇಳಿಸುವ ಕೇಜು ಉಕ್ಕಿನ ಹಗ್ಗಕ್ಕೆ ತೂಗುಬಿದ್ದಿರುತ್ತಿತ್ತು. ಹಗ್ಗವನ್ನು ಸುತ್ತುವ ಯಂತ್ರ ಭೂಮಿಯ ಮೇಲಿನ ಕೊಠಡಿಯಲ್ಲಿ. ಅದನ್ನು ನಡೆಸುವ ಡ್ರೈವರನಿಗೆ ಕೆಳಗೆ ಕೇಜಿನಲ್ಲಿ ಮನುಷ್ಯರು ನಿಂತಿದ್ದಾರೆಯೋ ಅದಿರು ತುಂಬಿದೆಯೋ ಕಾಣುವಂತಿರಲಿಲ್ಲ. ಕೂಗಿದರೆ ಕೇಳುವಂತೆಯೂ ಇರಲಿಲ್ಲ. ಆದುದರಿಂದ ಗಂಟೆಯ ಸಂಕೇತ ಬಳಕೆಯಲ್ಲಿತ್ತು. ಕೇಜು ಚಲಿಸುತ್ತಿರುವಾಗ ಒಂದು ಬಡಿತ ಕೇಳಿದರೆ ನಿಲ್ಲಿಸಬೇಕು. ನಿಂತಿರುವಾಗ ಒಂದು ಬಡಿತವಾದರೆ ಮೇಲಕ್ಕೆತ್ತಬೇಕು. ಎರಡು ಬಡಿತವಾದರೆ ಇಳಿಸಬೇಕು. ಮೂರು ಬಡಿತವಾದರೆ ಮನುಷ್ಯರು ಏರಲಿದ್ದಾರೆಂದು ತಿಳಿಯಬೇಕು. ಆ ಗಂಟೆಯಲ್ಲಿ ಹರಟೆಗೆ ಅವಕಾಶವಿರಲಿಲ್ಲ. ಬಡಿತಗಳು ಕೆಲವೇ, ಪ್ರತಿಯೊಂದಕ್ಕೂ ಒಂದೇ ಅರ್ಥ, ಅದನ್ನು ಕೇಳಿದವನು ಸುಮ್ಮನೆ ಕುಳಿತಿರುವಂತಿಲ್ಲ.

ಬಂಡೆ ಸಿಡಿಯುವ ಅಪಾಯ ಇನ್ನೊಂದು. ಆಳದಲ್ಲಿ ಒತ್ತಡಕ್ಕೆ ಸಿಕ್ಕಿದ ಶಿಲೆ ಒಮ್ಮೆಲೇ ಸಿಡಿದಾಗ ಮೇಲಿನ ಊರಿನ ಮನೆಗಳೂ ನಡುಗುತ್ತಿದ್ದವು. ೧೯೭೦ರ ದಶಕದ ಕೊನೆಯಲ್ಲಿ ಭಾಭಾ ಅಣು ಸಂಶೋಧನ ಕೇಂದ್ರದ ನೆರವಿನಿಂದ ಗಣಿಯ ಸೀಮೆಯಲ್ಲಿ ಅಲ್ಲಲ್ಲಿ ಕಂಪನವನ್ನು ಗ್ರಹಿಸುವ ಉಪಕರಣಗಳನ್ನು ನೆಟ್ಟು, ಅವುಗಳ ಸಂಕೇತಗಳೆಲ್ಲ ಒಂದೇ ಕೇಂದ್ರಕ್ಕೆ ಬರುವಂತೆ ಜಾಲವೊಂದನ್ನು ರಚಿಸಲಾಯಿತು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಜನ್ಮತಾಳಿದುದೂ ಇದೇ ನೆಲದಲ್ಲಿ. ಹಲವೆಡೆ ಹರಡಿದ ಠಾಣೆಗಳು, ಅವೆಲ್ಲವುಗಳ ವಾರ್ತೆಯನ್ನು ಕೇಳುವ ಒಂದು ಕೇಂದ್ರ, ನಡುವೆ ಒಂದು ಸಂಕೇತದ ಹಾದಿ: ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮೊಬೈಲ್ ಜಾಲದ ಒಳಗನ್ನು ತಿಳಿಯುವುದು ಕಷ್ಟವಲ್ಲ.

ಟವರು ಮತ್ತು ಕಂಟ್ರೋಲರು

ನಾವು ರೂಢಿಯಲ್ಲಿ ಟವರೆನ್ನುವುದು ಕೇವಲ ಕಬ್ಬಿಣದ ಕಂಬ. ನಿಜವಾದ ಕೆಲಸ ಮಾಡುವುದು ಕಂಬದ ಮೇಲಿನ ಆಂಟೆನಾ ಮತ್ತು ಬುಡದಲ್ಲಿರುವ ಪೆಟ್ಟಿಗೆಗಳು. ಇವೆಲ್ಲ ಸೇರಿದರೆ ಬೇಸ್ ಸ್ಟೇಷನ್. ಅದರಲ್ಲಿ ರೇಡಿಯೋ ಅಲೆಗಳನ್ನು ಕಳುಹಿಸುವ ಮತ್ತು ಸ್ವೀಕರಿಸುವ ಯಂತ್ರಗಳು, ಕರೆಂಟನ್ನು ೪೮ ವೋಲ್ಟಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಸಾಧನ, ಕರೆಂಟು ಹೋದಾಗ ಆಸರೆಯಾಗುವ ಬ್ಯಾಟರಿಗಳ ಸಾಲು, ಹಲವೆಡೆ ಡೀಸೆಲ್ ಜನರೇಟರು ಇರುತ್ತವೆ. ಜಿಎಸ್‌ಎಂ ಎಂಬ ಎರಡನೆಯ ತಲೆಮಾರಿನ ಪದ್ಧತಿಯಲ್ಲಿ ಇಂಥ ಹತ್ತಾರು, ಕೆಲವೊಮ್ಮೆ ನೂರಾರು ಸ್ಟೇಷನ್ನುಗಳ ಮೇಲೆ ಒಂದು ಕಂಟ್ರೋಲರು ಇರುತ್ತದೆ. ಬಟನ್ ಫೋನುಗಳನ್ನು ನಡೆಸುತ್ತಿರುವುದು ಇಂದಿಗೂ ಹೆಚ್ಚಾಗಿ ಈ ಪದ್ಧತಿಯೇ. ಯಾವ ಕರೆಗೆ ಯಾವ ಹಾದಿ, ರೈಲಿನಲ್ಲಿ ಹೋಗುತ್ತಿರುವವನ ಕರೆಯನ್ನು ಯಾವ ಟವರಿನಿಂದ ಯಾವ ಟವರಿಗೆ ದಾಟಿಸಬೇಕು ಎಂಬುದನ್ನೆಲ್ಲ ನಿರ್ಣಯಿಸುವುದು ಆ ಕಂಟ್ರೋಲರು. ಅದು ಟವರಿರುವ ಊರಿನಲ್ಲಿಯೇ ಇರಬೇಕಾದುದಿಲ್ಲ. ದೂರದ ಪಟ್ಟಣದಲ್ಲಿ ಕುಳಿತು ಇಲ್ಲಿಯ ಟವರನ್ನು ಆಳಬಹುದು.

ಇಬ್ಬರ ನಡುವಣ ಈ ಹಾದಿಗೆ ‘ಎ-ಬಿಸ್’ ಎಂದು ಹೆಸರು. ಕಂಟ್ರೋಲರಿಂದ ಮೇಲಿನ ದೊಡ್ಡ ವಿನಿಮಯ ಕೇಂದ್ರಕ್ಕೆ ಹೋಗುವ ಹಾದಿಗೆ ‘ಎ’ ಎಂದು ಹೆಸರಿಟ್ಟವರು ಕೆಳಗಿನದಕ್ಕೆ ‘ಎ-ಬಿಸ್’ ಎಂದರು. ‘ಬಿಸ್’ ಎಂಬುದು ‘ಎರಡನೆಯ ಸಲ’ ಎಂಬ ಅರ್ಥದ ಲ್ಯಾಟಿನ್ ಶಬ್ದ. ನಮ್ಮ ಸಂಸ್ಕೃತದ ‘ದ್ವಿಃ’ ಎಂಬುದಕ್ಕೆ ಒಡಹುಟ್ಟಿದುದು. ಭಾಷೆಯ ಅಭ್ಯಾಸವುಳ್ಳವರಿಗೆ ಈ ನಂಟು ಸಂತೋಷವನ್ನುಂಟುಮಾಡದೆ ಇರದು.

ಈ ಹಾದಿಯನ್ನು ಮೂವತ್ತೆರಡು ಮನೆಗಳ ಒಂದು ಬೀದಿಯೆಂದು ಭಾವಿಸಬಹುದು. ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಮೀರಿದ ಅಂಕೆಗಳನ್ನು, ನಿಖರವಾಗಿ ಹೇಳುವುದಾದರೆ ೨೦,೪೮,೦೦೦ ಅಂಕೆಗಳನ್ನು, ಸಾಗಿಸುವ ಕೊಂಡಿಯನ್ನು ೩೨ ಸಮಪಾಲುಗಳಾಗಿ ಹಂಚಲಾಗಿದೆ. ಮೊದಲ ಪಾಲು ಎರಡು ತುದಿಗಳ ಕಾಲಗತಿಯನ್ನು ಹೊಂದಿಸಲು ಮೀಸಲು. ಹೆಚ್ಚಿನ ಪಾಲುಗಳಲ್ಲಿ ಜನರ ಮಾತು ಹರಿಯುತ್ತದೆ. ಆದರೆ ಒಂದು ಚಿಕ್ಕ ಪಾಲನ್ನು ಮಾತಿಗಾಗಿ ಮುಟ್ಟದೆ ಸಂಕೇತಗಳಿಗೆಂದೇ ಬಿಟ್ಟಿರುತ್ತಾರೆ. ಅದರಲ್ಲಿಯೂ ಮೂರು ಬಗೆಯ ಓಲೆಗಳುಂಟು. ಪ್ರತಿಯೊಂದರ ತಲೆಯ ಮೇಲೆ ಒಂದು ಸಂಖ್ಯೆ. ಸೊನ್ನೆ ಎಂದಿದ್ದರೆ ಕರೆಗಳಿಗೆ ಸಂಬಂಧಿಸಿದುದು. ೬೨ ಎಂದಿದ್ದರೆ ಯಂತ್ರದ ನಿರ್ವಹಣೆಗೆ ಸಂಬಂಧಿಸಿದುದು. ೬೩ ಎಂದಿದ್ದರೆ ಈ ಓಲೆಯ ಹಾದಿಯದೇ ಯೋಗಕ್ಷೇಮಕ್ಕೆ ಸಂಬಂಧಿಸಿದುದು. ಟವರಿನ ಕುಶಲವಾರ್ತೆ ಬರುವುದು ಆ ೬೨ರ ಓಲೆಯಲ್ಲಿ. ಊರಿನ ಜಾತ್ರೆಯಂದು ಮಾತಿನ ಪಾಲುಗಳೆಲ್ಲ ತುಂಬಿ ತುಳುಕುತ್ತಿದ್ದರೂ ಕುಶಲದ ಪಾಲನ್ನು ಕರೆಗಳು ಆಕ್ರಮಿಸಿಕೊಳ್ಳುವಂತಿಲ್ಲ.

ಏನೆಂದು ಹೇಳುತ್ತದೆ?

ಈ ಓಲೆಗಳ ಒಕ್ಕಣೆ ಹೇಗಿರಬೇಕೆಂಬುದನ್ನು ಯೂರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯು ಜಿಎಸ್‌ಎಂ ೧೨.೨೧ ಎಂಬ ಸಂಖ್ಯೆಯ ದಸ್ತಾವೇಜಿನಲ್ಲಿ ವಿಧಿಸಿತು. ಅದರಲ್ಲಿ ಟವರಿನ ಪ್ರತಿಯೊಂದು ಅಂಗಕ್ಕೂ ಎರಡು ಬಗೆಯ ಸ್ಥಿತಿಯನ್ನು ಹೇಳಿರುವುದು ಮನನೀಯವಾಗಿದೆ. ಮೊದಲನೆಯದು ಆಡಳಿತದ ಸ್ಥಿತಿ: ಮೇಲಿನವರು ಈ ಅಂಗಕ್ಕೆ ಕೆಲಸ ಮಾಡಲು ಅಪ್ಪಣೆ ಕೊಟ್ಟಿದ್ದಾರೆಯೇ ಇಲ್ಲವೇ ಎಂಬುದು. ಎರಡನೆಯದು ಕಾರ್ಯದ ಸ್ಥಿತಿ: ಅಪ್ಪಣೆಯ ಮಾತು ಹಾಗಿರಲಿ, ಕೆಲಸ ಮಾಡುವ ಶಕ್ತಿ ಅದಕ್ಕೆ ಇದೆಯೇ ಎಂಬುದು. ಅಪ್ಪಣೆಯಿದ್ದೂ ಶಕ್ತಿಯಿಲ್ಲದಿರಬಹುದು, ಶಕ್ತಿಯಿದ್ದೂ ಅಪ್ಪಣೆಯಿಲ್ಲದಿರಬಹುದು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ, ಅಂದರೆ ಸಿಗ್ನಲ್ ಇಲ್ಲ. ಆದರೆ ಒಂದಕ್ಕೆ ಮದ್ದು ಬಿಡಿಭಾಗ, ಇನ್ನೊಂದಕ್ಕೆ ಮದ್ದು ಅಧಿಕಾರಿಯ ಒಂದು ಮಾತು.

ಆಡಳಿತದ ಸ್ಥಿತಿಯಲ್ಲಿ ತೆರೆದುದು, ಬೀಗ ಹಾಕಿದುದು ಎಂಬೆರಡರ ನಡುವೆ ‘ಮುಚ್ಚುತ್ತಿರುವುದು’ ಎಂಬ ಮೂರನೆಯದೂ ಉಂಟು. ಮಠದ ದಾಸೋಹದಲ್ಲಿ ಹೊತ್ತು ಮೀರಿದ ಮೇಲೆ ಹೊಸಬರನ್ನು ಒಳಗೆ ಬಿಡುವುದಿಲ್ಲ. ಆದರೆ ಪಂಕ್ತಿಯಲ್ಲಿ ಕುಳಿತವರನ್ನು ಅರ್ಧದಲ್ಲಿ ಎಬ್ಬಿಸುವುದೂ ಇಲ್ಲ. ಹಾಗೆಯೇ ಈ ಸ್ಥಿತಿಯಲ್ಲಿರುವ ಯಂತ್ರವು ಹೊಸ ಕರೆಗಳನ್ನು ಸ್ವೀಕರಿಸದೆ, ನಡೆಯುತ್ತಿರುವ ಕರೆಗಳು ಮುಗಿಯುವ ತನಕ ಕಾದಿದ್ದು, ಅನಂತರವೇ ಬೀಗ ಹಾಕಿಕೊಳ್ಳುತ್ತದೆ.

ದೋಷ ಕಂಡುಬಂದಾಗ ಟವರು ದೋಷದ ವರದಿಯನ್ನು ಕಳುಹಿಸುತ್ತದೆ. ಅದರಲ್ಲಿ ಯಾವ ಅಂಗ, ಯಾವ ಬಗೆಯ ದೋಷ, ಎಷ್ಟು ತೀವ್ರ ಎಂಬ ವಿವರಗಳಿರುತ್ತವೆ. ತೀವ್ರತೆಗೆ ಮೆಟ್ಟಿಲುಗಳಿವೆ: ಬರಿಯ ಎಚ್ಚರಿಕೆ, ಸಣ್ಣ ದೋಷ, ದೊಡ್ಡ ದೋಷ, ಪ್ರಾಣಾಂತಿಕ ದೋಷ, ಮತ್ತು ಇನ್ನೂ ನಿರ್ಣಯವಾಗದ ದೋಷ. ಯಂತ್ರದ ಒಳಗಿನ ಕೇಡುಗಳಷ್ಟೇ ಅಲ್ಲದೆ ಹೊರಗಿನ ಸಂಗತಿಗಳೂ ವರದಿಯಾಗುವಂತೆ ತಂತಿ ಜೋಡಿಸಿರುತ್ತಾರೆ. ಕರೆಂಟು ಹೋಯಿತು, ಬ್ಯಾಟರಿ ಇಳಿಯಿತು, ಕೋಣೆಯ ಶಾಖ ಏರಿತು, ಹೊಗೆ ಕಂಡಿತು, ಬಾಗಿಲು ತೆರೆಯಿತು ಎಂಬಿವು ಅವುಗಳಲ್ಲಿ ಮುಖ್ಯವಾದವು.

ಈ ಓಲೆ ಒಮ್ಮುಖವಾದುದೂ ಅಲ್ಲ. ಕಂಟ್ರೋಲರು ಟವರಿಗೆ ‘ನಿನ್ನನ್ನು ನೀನೇ ಪರೀಕ್ಷಿಸಿಕೊ’ ಎಂದು ಆಜ್ಞಾಪಿಸಬಹುದು. ಟವರು ಪರೀಕ್ಷೆಯ ಫಲವನ್ನು ತಿಳಿಸುತ್ತದೆ. ಯಾವುದಾದರೊಂದು ಅಂಗಕ್ಕೆ ಮೊದಲಿನಿಂದ ಪ್ರಾರಂಭಿಸೆಂದು ಹೇಳಬಹುದು. ದೀರ್ಘಕಾಲ ನಿಂತು ಮತ್ತೆ ಎಚ್ಚೆತ್ತ ಟವರು ತನ್ನಲ್ಲಿ ಯಾವ ತಂತ್ರಾಂಶವಿದೆಯೆಂದು ಅರುಹಿ, ಬೇಕಾದ ಹೊಸ ತಂತ್ರಾಂಶವನ್ನು ಕಂಟ್ರೋಲರಿಂದ ತುಣುಕು ತುಣುಕಾಗಿ ಪಡೆದುಕೊಂಡು, ಅದನ್ನು ಚಾಲನೆಗೆ ತಂದು, ತನ್ನ ಪ್ರತಿಯೊಂದು ಅಂಗದ ಸ್ಥಿತಿಯನ್ನು ವರದಿ ಮಾಡಿ, ಅಪ್ಪಣೆಯಾದ ಮೇಲಷ್ಟೇ ಊರಿನ ಕರೆಗಳಿಗೆ ಬಾಗಿಲು ತೆರೆಯುತ್ತದೆ. ಕರೆಂಟು ಬಂದೊಡನೆ ಸಿಗ್ನಲ್ ಏಕೆ ಬರಲಿಲ್ಲವೆಂದು ಕೇಳುವವರಿಗೆ ಉತ್ತರ ಇದರಲ್ಲಿದೆ.

ಮೌನಕ್ಕೂ ಅರ್ಥವುಂಟು

ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳೋಣ. ಮಳೆಗಾಳಿಗೆ ಮರ ಬಿದ್ದು ಹಳ್ಳಿಯ ಕರೆಂಟು ಹೋಗಿದೆ. ಆ ಕ್ಷಣದಲ್ಲಿಯೇ ಟವರು ಅದನ್ನು ವರದಿ ಮಾಡಿ ಬ್ಯಾಟರಿಯ ಮೇಲೆ ನಿಲ್ಲುತ್ತದೆ. ಊರಿನವರಿಗೆ ಏನೂ ವ್ಯತ್ಯಾಸ ತಿಳಿಯದು. ಜನರೇಟರು ಚಾಲೂ ಆಗಬೇಕು. ಡೀಸೆಲ್ ಇಲ್ಲದೆ ಆಗಲಿಲ್ಲ. ಅದೂ ವರದಿಯಾಗುತ್ತದೆ. ಕೆಲವು ಗಂಟೆಗಳ ಅನಂತರ ಬ್ಯಾಟರಿ ಇಳಿಯುತ್ತಿದೆಯೆಂಬ ಓಲೆ ಹೋಗುತ್ತದೆ. ಬೆಳಗಿನ ಜಾವ ಟವರು ನಿಂತುಹೋಗುತ್ತದೆ. ಊರಿನವರು ಎದ್ದು ಫೋನು ನೋಡಿ ‘ಈಗ ಸಿಗ್ನಲ್ ಹೋಯಿತು’ ಎನ್ನುತ್ತಾರೆ. ಆದರೆ ಕಂಟ್ರೋಲರಿನ ಪುಸ್ತಕದಲ್ಲಿ ಆ ರೋಗದ ಜಾತಕ ಹಿಂದಿನ ರಾತ್ರಿಯಿಂದಲೇ ಬರೆದಾಗಿದೆ.

ಇನ್ನು ಹಾದಿಯೇ ತುಂಡಾದರೆ? ರಸ್ತೆ ಅಗೆಯುವ ಯಂತ್ರವು ಫೈಬರ್ ಕೇಬಲನ್ನು ಕತ್ತರಿಸಿದರೆ ದೋಷದ ವರದಿಯೂ ಹೋಗಲಾರದು. ಇದಕ್ಕೂ ಏರ್ಪಾಟಿದೆ. ಕುಶಲದ ಹಾದಿಯಲ್ಲಿ ಹೇಳುವುದೇನೂ ಇಲ್ಲದ ಹೊತ್ತಿನಲ್ಲಿಯೂ ಎರಡು ತುದಿಗಳು ಕೆಲವು ಸೆಕೆಂಡುಗಳಿಗೊಮ್ಮೆ ‘ಇದ್ದೀಯಾ?’, ‘ಇದ್ದೇನೆ’ ಎಂದು ಕೇಳಿ ಹೇಳಿಕೊಳ್ಳುತ್ತಿರುತ್ತವೆ. ಪ್ರತಿಯೊಂದು ಓಲೆಗೂ ಕ್ರಮಸಂಖ್ಯೆಯಿದ್ದು, ತಲುಪಿತೆಂಬ ಉತ್ತರ ಬಾರದಿದ್ದರೆ ಅದನ್ನು ಮತ್ತೆ ಮತ್ತೆ ಕಳುಹಿಸಲಾಗುತ್ತದೆ. ಕೆಲವು ಸಲ ಪ್ರಯತ್ನಿಸಿಯೂ ಉತ್ತರ ಬಾರದಿದ್ದರೆ ಕಂಟ್ರೋಲರು ಕೊಂಡಿ ಕಡಿದಿದೆಯೆಂದು ತಾನೇ ಘಂಟಾಘೋಷವಾಗಿ ಸಾರುತ್ತದೆ. ಅಂದರೆ ಮೌನವನ್ನು ಕ್ಷೇಮವೆಂದು ತಿಳಿಯಬಾರದೆಂಬ ನಮ್ಮ ಹಿರಿಯರ ಪಾಠವನ್ನು ಈ ಯಂತ್ರಗಳಿಗೂ ಕಲಿಸಿದ್ದಾರೆ.

ಹಳೆಯ ದೂರವಾಣಿಯ ಕಾಲದಲ್ಲಿ ಈ ಅನುಕೂಲವಿರಲಿಲ್ಲ. ಕಂಬದ ತಂತಿ ಹರಿದರೆ ಯಾರಾದರೊಬ್ಬರು ಎಕ್ಸ್‌ಚೇಂಜಿಗೆ ನಡೆದುಹೋಗಿ ಹೇಳಬೇಕಾಗಿತ್ತು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ನಮ್ಮ ಹಳ್ಳಿಗಳ ಧೂಳು ಮತ್ತು ಸೆಖೆಯನ್ನು ಹವಾನಿಯಂತ್ರಣದ ಹಂಗಿಲ್ಲದೆ ತಾಳಿಕೊಳ್ಳುವ ೧೨೮ ಲೈನುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿ, ಮೊದಲನೆಯದನ್ನು ೧೯೮೬ರಲ್ಲಿ ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಪ್ರತಿಷ್ಠಾಪಿಸಿದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಅಲ್ಲಿಂದ ಇಲ್ಲಿಯವರೆಗಿನ ಪ್ರಗತಿ ಮಾತನ್ನು ಸಾಗಿಸುವುದರಲ್ಲಿ ಮಾತ್ರ ಆಗಲಿಲ್ಲ. ಯಂತ್ರವು ತನ್ನ ನೋವನ್ನು ತಾನೇ ಹೇಳಿಕೊಳ್ಳುವುದರಲ್ಲಿಯೂ ಆಯಿತು.

ಯಂತ್ರಕ್ಕೆ ತಿಳಿಯದ ರೋಗ

ಹಾಗಾದರೆ ನಾವು ದೂರು ಕೊಡುವ ಅಗತ್ಯವೇ ಇಲ್ಲವೇ ಎಂದು ಕೆಲವರು ಕೇಳಬಹುದು. ಅಗತ್ಯ ಖಂಡಿತ ಇದೆ. ಟವರು ತನಗೆ ತಿಳಿದುದನ್ನು ಮಾತ್ರ ಹೇಳಬಲ್ಲದು. ಬಿರುಗಾಳಿಗೆ ಆಂಟೆನಾದ ಮುಖ ತಿರುಗಿ ಹೋಗಿದ್ದರೆ ಒಳಗಿನ ಪೆಟ್ಟಿಗೆಗಳೆಲ್ಲ ಆರೋಗ್ಯವಾಗಿಯೇ ಇರುತ್ತವೆ. ವರದಿಯೂ ಕ್ಷೇಮವೆಂದೇ ಇರುತ್ತದೆ. ಆದರೆ ಊರಿಗೆ ಬೀಳಬೇಕಾದ ಅಲೆ ಗುಡ್ಡಕ್ಕೆ ಬೀಳುತ್ತಿರುತ್ತದೆ. ಎಲ್ಲವೂ ಸರಿಯೆಂದು ತೋರುತ್ತ ಒಂದೂ ಕರೆಯನ್ನು ಹಿಡಿಯದ ಇಂಥ ಸ್ಥಿತಿಯನ್ನು ತಂತ್ರಜ್ಞರು ನಿದ್ರಿಸುವ ಸೆಲ್ ಎಂದು ಕರೆಯುತ್ತಾರೆ. ನಿತ್ಯವೂ ಸಾವಿರ ಕರೆ ಬರುತ್ತಿದ್ದಲ್ಲಿ ಒಮ್ಮೆಲೇ ಒಂದೂ ಬಾರದಿರುವುದನ್ನು ಲೆಕ್ಕದ ಪುಸ್ತಕದಲ್ಲಿ ಗಮನಿಸಿದವರಿಗೆ ಅನುಮಾನ ಬರಬಹುದು. ಗಮನಿಸದಿದ್ದರೆ ಬಳಕೆದಾರನ ದೂರೊಂದೇ ದಾರಿ. ಆದುದರಿಂದ ಟವರಿನ ವರದಿಯೂ ಮನೆಯವರ ದೂರೂ ಒಂದಕ್ಕೊಂದು ಪೂರಕವೇ ಹೊರತು ಒಂದಿದ್ದರೆ ಇನ್ನೊಂದು ಬೇಡವೆಂಬಂತಿಲ್ಲ.

ಇನ್ನೊಂದು ರೋಗ ಯಂತ್ರದ್ದಲ್ಲ, ಮನುಷ್ಯರದು. ನಿಗಾ ಕೇಂದ್ರದ ತೆರೆಯ ಮೇಲೆ ದಿನವೂ ಸಾಲುಸಾಲಾಗಿ ಅಲಾರಂಗಳು ಬರುತ್ತಿರುತ್ತವೆ. ಒಂದು ಗುಂಡಿಯನ್ನು ಒತ್ತಿ ‘ನೋಡಿದೆ’ ಎಂದು ಗುರುತು ಹಾಕುವುದು ಸುಲಭ. ಸ್ವೀಕರಿಸಿದುದು ಬೇರೆ, ಸರಿಪಡಿಸಿದುದು ಬೇರೆ. ಗಣಿಯ ಡ್ರೈವರನು ಗಂಟೆಯನ್ನು ಕೇಳಿಸಿಕೊಂಡುದರಿಂದಲೇ ಕೇಜು ಮೇಲೆ ಬರುತ್ತಿರಲಿಲ್ಲ. ಅವನು ಯಂತ್ರವನ್ನು ತಿರುಗಿಸಬೇಕಾಗಿತ್ತು. ಪಟ್ಟಣದ ಟವರು ನಿಂತರೆ ಸಾವಿರಾರು ಕರೆಗಳ ವರಮಾನ ನಿಲ್ಲುವುದರಿಂದ ರಾತ್ರಿಯೇ ಜೀಪು ಹೊರಡುತ್ತದೆ. ಗಡಿನಾಡಿನ ಹಳ್ಳಿಯ ಟವರಿನ ಓಲೆ ಸರದಿಯಲ್ಲಿ ಕಾಯುತ್ತದೆ. ಕೊರತೆಯಿರುವುದು ಸಂಕೇತದಲ್ಲಲ್ಲ, ಕೇಳಿದವರ ಕರ್ತವ್ಯದಲ್ಲಿ.

ನೂರಕ್ಕೆ ಎರಡರ ಲೆಕ್ಕ

ಇದರ ಮೇಲೆ ಸರಕಾರದ ಕಣ್ಣೂ ಇದೆ. ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ೨೦೦೯ರ ನಿಯಮಾವಳಿಯಲ್ಲಿ ಒಂದು ಕಂಪನಿಯ ಟವರುಗಳೆಲ್ಲ ಕೂಡಿ ನಿಂತಿದ್ದ ಅವಧಿಯು ಒಟ್ಟು ಅವಧಿಯ ನೂರಕ್ಕೆ ಎರಡನ್ನು ಮೀರಬಾರದೆಂದು ವಿಧಿಸಿತು. ಮೂವತ್ತು ದಿನಗಳ ತಿಂಗಳಿಗೆ ೭೨೦ ಗಂಟೆಗಳು. ಅದರ ನೂರಕ್ಕೆ ಎರಡೆಂದರೆ ೧೪ ಗಂಟೆ ೨೪ ನಿಮಿಷ. ಕೇಳಲು ಕಟ್ಟುನಿಟ್ಟಾಗಿಯೇ ಇದೆ. ಆದರೆ ಇದು ಸರಾಸರಿ ಎಂಬುದನ್ನು ಮರೆಯಬಾರದು. ನೂರು ಟವರುಗಳಲ್ಲಿ ತೊಂಬತ್ತೆಂಟು ಒಂದು ನಿಮಿಷವೂ ನಿಲ್ಲದೆ ನಡೆದು, ಎರಡು ಟವರುಗಳು ತಿಂಗಳಿಡೀ ಸತ್ತುಬಿದ್ದಿದ್ದರೂ ಲೆಕ್ಕ ಸರಿಯಾಗಿ ನೂರಕ್ಕೆ ಎರಡೇ ಆಗುತ್ತದೆ. ತಿಂಗಳಲ್ಲಿ ೨೪ ಗಂಟೆಗಿಂತ ಹೆಚ್ಚು ನಿಂತ ಟವರುಗಳ ಪ್ರಮಾಣವೂ ನೂರಕ್ಕೆ ಎರಡನ್ನು ಮೀರಬಾರದೆಂಬ ಇನ್ನೊಂದು ವಿಧಿಯನ್ನು ಅದರೊಡನೆಯೇ ಸೇರಿಸಿದ್ದರು. ನಮ್ಮ ಲೆಕ್ಕದ ಆ ಎರಡು ಹಳ್ಳಿಗಳು ಈ ವಿಧಿಯನ್ನೂ ಮೀರುವುದಿಲ್ಲ. ಕಾಗದದ ಮೇಲೆ ಕಂಪನಿ ಉತ್ತೀರ್ಣ. ಹಳ್ಳಿಯವರಿಗೆ ತಿಂಗಳಿಡೀ ಅಮಾವಾಸ್ಯೆ.

೨೦೨೪ರ ಅಕ್ಟೋಬರ್ ೧ರಿಂದ ಹೊಸ ನಿಯಮಾವಳಿ ಬಂದಿದೆ. ಒಂದು ಜಿಲ್ಲೆಯಲ್ಲಿ ಸೇವೆಯು ನಾಲ್ಕು ಗಂಟೆಗೆ ಮೀರಿ ನಿಂತರೆ ಕಂಪನಿಯು ಪ್ರಾಧಿಕಾರಕ್ಕೆ ವರದಿ ಮಾಡಬೇಕು. ೨೪ ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತವನ್ನೂ ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿಯ ವಿಸ್ತರಣೆಯನ್ನೂ ಕೊಡಬೇಕು. ಸ್ವಾಗತಾರ್ಹವಾದ ಕ್ರಮವೇ. ಆದರೂ ಅದು ಜಿಲ್ಲೆಯ ಮಟ್ಟದ್ದು. ಒಂಟಿ ಟವರನ್ನು ನಂಬಿದ ಒಂಟಿ ಹಳ್ಳಿಯ ಕಣ್ಣೀರು ಅದರ ಅಳತೆಗೆ ಸಿಕ್ಕುವುದಿಲ್ಲ. ಇಲ್ಲಿ ಗಮನಿಸತಕ್ಕ ಮುಖ್ಯ ವಿಷಯವೊಂದಿದೆ. ಟವರು ಎಂದು ನಿಂತಿತು, ಎಂದು ಎದ್ದಿತು ಎಂಬ ಲೆಕ್ಕ ಹುಟ್ಟುವುದು ಆ ಕುಶಲದ ಓಲೆಗಳಿಂದಲೇ. ಅಂದಮೇಲೆ ಅವು ಕೇವಲ ತಂತ್ರಜ್ಞರ ಸೌಕರ್ಯವಲ್ಲ. ಜನರ ಹಕ್ಕಿಗೆ ಸಾಕ್ಷಿಪತ್ರ.

ಕಾಲ ಬದಲಾಯಿತು, ಕುಶಲ ಬದಲಾಗಲಿಲ್ಲ

ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಕಂಟ್ರೋಲರೆಂಬ ಮಧ್ಯಸ್ಥನೇ ಇಲ್ಲ. ಅವನ ಬುದ್ಧಿಯ ಬಹುಭಾಗವನ್ನು ಟವರಿನೊಳಗೆ ಇಟ್ಟು, ಟವರನ್ನು ನೇರವಾಗಿ ಕೇಂದ್ರಕ್ಕೆ ಜೋಡಿಸಿದ್ದಾರೆ. ಮೂವತ್ತೆರಡು ಮನೆಗಳ ಬೀದಿಗೆ ಬದಲಾಗಿ ಇಂಟರ್‌ನೆಟ್ ಪದ್ಧತಿಯ ಹೆದ್ದಾರಿ ಬಂದಿದೆ. ಆದರೂ ನಿರ್ವಹಣೆಯ ಓಲೆ ಹೋಗಿಲ್ಲ. ಅದನ್ನು ಕೇಳುವ ಪ್ರತ್ಯೇಕ ವ್ಯವಸ್ಥೆ ಇದ್ದೇ ಇದೆ. ಹಿಂದಿನ ಪದ್ಧತಿಯಲ್ಲಿ ಒಕ್ಕಣೆಯ ಮಾನಕವಿದ್ದರೂ ಪ್ರತಿಯೊಬ್ಬ ತಯಾರಕನೂ ತನ್ನದೇ ಗುಟ್ಟಿನ ನುಡಿಗಳನ್ನು ಬೆರೆಸಿದ್ದರಿಂದ ಒಬ್ಬನ ಟವರು ಇನ್ನೊಬ್ಬನ ಕಂಟ್ರೋಲರಿನ ಮಾತನ್ನು ಅರಿಯುತ್ತಿರಲಿಲ್ಲ. ಕೊಂಡವರು ರಿಪೇರಿಗೂ ಅವನ ಬಾಗಿಲಿಗೇ ಹೋಗಬೇಕಿತ್ತು. ೨೦೦೮ರಲ್ಲಿ ಜರ್ಮನಿಯ ಹೆರಾಲ್ಡ್ ವೆಲ್ಟೆ ಮತ್ತು ಸಂಗಡಿಗರು ಹಳೆಯ ಸೀಮೆನ್ಸ್ ಬೇಸ್ ಸ್ಟೇಷನ್ನೊಂದನ್ನು ತಾವೇ ಬರೆದ, ಎಲ್ಲರೂ ಓದಬಹುದಾದ ಕಂಟ್ರೋಲರ್ ತಂತ್ರಾಂಶದಿಂದ ನಡೆಸಿ ಆ ಗುಟ್ಟಿನ ಬೀಗವನ್ನು ಸಡಿಲಿಸಿದರು. ೨೦೨೫ರ ಸೆಪ್ಟೆಂಬರ್ ೨೭ರಂದು ಬಿಎಸ್‌ಎನ್‌ಎಲ್ ಸಂಸ್ಥೆಯು ಸುಮಾರು ೯೭,೫೦೦ ಟವರುಗಳಲ್ಲಿ ಲೋಕಾರ್ಪಣೆ ಮಾಡಿದ ಸ್ವದೇಶಿ ೪ಜಿ ಜಾಲದಲ್ಲಿ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯ ರೇಡಿಯೋ ಉಪಕರಣಗಳೂ ಸಿ-ಡಾಟ್‌ನ ಕೇಂದ್ರ ತಂತ್ರಾಂಶವೂ ಇವೆ. ಟವರಿನ ನುಡಿಯನ್ನು ಬಲ್ಲವರು ನಮ್ಮಲ್ಲಿಯೇ ಇರುವುದು ರಿಪೇರಿಯ ದೃಷ್ಟಿಯಿಂದ ಸಣ್ಣ ಲಾಭವಲ್ಲ.

ಮನೆಯವರು ಮಾಡತಕ್ಕುದು

೨೦೦೧ರ ಫೆಬ್ರುವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದ ಮೇಲೆ ಆ ಸೀಮೆಯ ಸಾವಿರಾರು ಮಂದಿ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ; ರಾತ್ರಿ ಮರಳುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಮೈಸೂರು ಮೈನ್ಸಿನ ಮನೆಯೊಳಗಿನ ತಾಯಿಗೂ ಬೆಂಗಳೂರಿನ ಕಾರ್ಖಾನೆಯೊಳಗಿನ ಮಗನಿಗೂ ನಡುವೆ ಇರುವ ಎಳೆ ಆ ಟವರೊಂದೇ. ತಾಯಿಗೆ ಎದೆನೋವು ಬಂದ ಹೊತ್ತಿನಲ್ಲಿ ೧೦೮ಕ್ಕೆ ಕರೆ ಹೋಗದಿದ್ದರೆ ನೂರಕ್ಕೆ ತೊಂಬತ್ತೆಂಟರ ಲೆಕ್ಕದಿಂದ ಆಗುವ ಸಮಾಧಾನವೇನು? ನಾಡಿನ ಎಷ್ಟೋ ಹಳ್ಳಿಗಳ ಸ್ಥಿತಿಯೂ ಇದೇ. ಆದಕಾರಣ ನಮ್ಮ ಓದುಗ ಬಂಧುಗಳಲ್ಲಿ ಕೆಲವು ಮಾತುಗಳನ್ನು ವಿನಂತಿಸುತ್ತೇವೆ.

ಸಿಗ್ನಲ್ ಹೋದಾಗ ಅದು ತಮ್ಮ ಫೋನಿನ ದೋಷವೋ ಊರಿನದೋ ಎಂದು ನೆರೆಮನೆಯಲ್ಲಿ ವಿಚಾರಿಸಿರಿ. ಊರಿನದೆಂದು ಖಚಿತವಾದರೆ ದಿನಾಂಕ ಮತ್ತು ವೇಳೆಯನ್ನು ಕ್ಯಾಲೆಂಡರಿನ ಮೇಲೆಯೇ ಬರೆದಿಡಿರಿ. ಸಂಪರ್ಕ ದೊರೆತೊಡನೆ ಕಂಪನಿಯ ೧೯೮ ಸಂಖ್ಯೆಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ತಪ್ಪದೆ ಕೇಳಿ ಬರೆದುಕೊಳ್ಳಿರಿ. ಆ ಸಂಖ್ಯೆಯಿಲ್ಲದ ದೂರು ಗಾಳಿಗೆ ಹೇಳಿದ ಮಾತು. ಪರಿಹಾರ ದೊರೆಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ೨೦೧೨ರ ನಿಯಮಾವಳಿ ಅವಕಾಶ ಕೊಟ್ಟಿದೆ. ಆಪತ್ತಿನ ಹೊತ್ತಿನಲ್ಲಿ ತಮ್ಮ ಕಂಪನಿಯ ಸಿಗ್ನಲ್ ಇಲ್ಲವೆಂದು ಕೈಚೆಲ್ಲದೆ ೧೧೨ನ್ನು ಒತ್ತಿರಿ; ಅಲ್ಲಿ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಕರೆ ಅದರ ಮೂಲಕ ಹೋಗುವಂತೆ ಮಾನಕದಲ್ಲಿಯೇ ಏರ್ಪಾಟಿದೆ.

ಮನೆಯ ಮಾಳಿಗೆಯನ್ನೋ ಹೊಲದ ಮೂಲೆಯನ್ನೋ ಟವರಿಗೆ ಬಾಡಿಗೆಗೆ ಕೊಟ್ಟಿರುವ ಕುಟುಂಬಗಳಿಗೆ ಇನ್ನೊಂದು ಮಾತು. ಬಾಡಿಗೆ ತಡವಾಯಿತೆಂಬ ಸಿಟ್ಟಿನಲ್ಲಿ ಕರೆಂಟಿನ ಸ್ವಿಚ್ಚನ್ನು ಆರಿಸುವುದು, ರಿಪೇರಿಗೆ ಬಂದವರನ್ನು ಬಾಗಿಲಲ್ಲಿ ತಡೆಯುವುದು ಅಲ್ಲಲ್ಲಿ ಕೇಳಿಬರುತ್ತದೆ. ಸ್ವಿಚ್ಚು ಆರಿದುದೂ ಬಾಗಿಲು ತೆರೆದುದೂ ಆ ಕ್ಷಣದಲ್ಲೇ ದೂರದ ತೆರೆಯ ಮೇಲೆ ಮೂಡುತ್ತದೆ. ಅದಕ್ಕಿಂತ ಮಿಗಿಲಾಗಿ, ಜಗಳ ಇಬ್ಬರದಾದರೂ ಕಷ್ಟ ಊರಿನದಾಗುತ್ತದೆ. ಬಾಕಿಯನ್ನು ಕರಾರುಪತ್ರದ ಆಧಾರದಿಂದ ಕೇಳಿರಿ. ಊರಿನ ಮಾತನ್ನು ಒತ್ತೆಯಾಗಿ ಇಟ್ಟುಕೊಳ್ಳಬೇಡಿರಿ.

ಕೊನೆಯದಾಗಿ, ದೂರು ಕೊಡುವಾಗ ‘ನಮ್ಮೂರಿನ ಟವರು ನಿಂತಿದೆ, ನಿಮಗೆ ಗೊತ್ತೇ?’ ಎಂದು ಕೇಳಬೇಡಿರಿ. ನಿಂತ ಟವರಿನ ಸುದ್ದಿ ಅವರಿಗೆ ಬಹುತೇಕ ತಿಳಿದೇ ಇರುತ್ತದೆ. ‘ಅಲಾರಂ ನಿಮಗೆ ಎಷ್ಟು ಗಂಟೆಗೆ ಬಂತು? ಬಂದ ಮೇಲೆ ಏನು ಮಾಡಿದಿರಿ?’ ಎಂದು ಕೇಳಿರಿ. ಕೆಳಗಿನಿಂದ ಗಂಟೆ ಬಾರಿಸಿಯಾಗಿದೆ. ಉತ್ತರ ಹೇಳಬೇಕಾದವರು ಮೇಲೆ ಯಂತ್ರದ ಬಳಿ ಕುಳಿತವರು.